ರಾತ್ರಿಶಾಲೆಯ ಹುಣಸೆಬೀಜಗಳು

ಮುಂಬಯಿಯ ಫೋರ್ಟ್‌ನಲ್ಲಿದ್ದ ನಮ್ಮ ಕನ್ನಡ ರಾತ್ರಿಶಾಲೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹಗಲಿಡೀ ಹೋಟೆಲಿನಲ್ಲಿ ದುಡಿಯುವ ಹುಡುಗರು. ಅಂಥವರ ಮುಂದೆ ಜೀವವಿಕಾಸದ ಗಣಿತವನ್ನು ಧೈರ್ಯವಾಗಿ ಇಟ್ಟವರು ನಮ್ಮ ಗಣಿತದ ಮಾಸ್ತರರು. ಅದು ಪಠ್ಯದಲ್ಲಿ ಇರಲಿಲ್ಲ. ಶನಿವಾರ ಪಾಠ ಮುಗಿದ ಮೇಲೆ ಇಷ್ಟವಿದ್ದವರು ಕುಳಿತಿರಿ ಎನ್ನುತ್ತಿದ್ದರು; ಎದ್ದು ಹೋದವರು ಕಡಿಮೆ.

ಹೋಟೆಲಿನ ಅಡುಗೆಮನೆಯಿಂದ ಹುಣಸೆಬೀಜ ತರುತ್ತಿದ್ದವರು ನಾವೇ. ಐದಕ್ಕೆ ಬಿಳಿ ಬಣ್ಣ ಬಳಿದು, ಐದನ್ನು ಹಾಗೇ ಬಿಟ್ಟು, ಚೀಲಕ್ಕೆ ಹಾಕುವುದು. ನೋಡದೆ ಒಂದನ್ನು ತೆಗೆದು, ಬಣ್ಣ ಗುರುತು ಹಾಕಿಕೊಂಡು, ಮರಳಿ ಹಾಕುವುದು. ಹೀಗೆ ಹತ್ತು ಸಲವಾದರೆ ಒಂದು ತಲೆಮಾರು. ಬಂದ ಲೆಕ್ಕದಂತೆ ಚೀಲ ತುಂಬಿ ಮತ್ತೆ ಶುರು. ಯಾವ ಬಣ್ಣಕ್ಕೂ ಹೆಚ್ಚುಗಾರಿಕೆಯಿಲ್ಲ. ಆದರೂ ಹತ್ತು ಹದಿನೈದು ತಲೆಮಾರು ಕಳೆಯುವಷ್ಟರಲ್ಲಿ ಒಂದು ಬೆಂಚಿನವರ ಚೀಲದಲ್ಲಿ ಬಿಳಿ ನಿರ್ನಾಮವಾಗಿರುತ್ತಿತ್ತು, ಇನ್ನೊಂದರಲ್ಲಿ ಕಂದು. ಬೀಜ ನೂರಿದ್ದರೆ ಇದೇ ಕೆಲಸಕ್ಕೆ ಹತ್ತು ಪಟ್ಟು ಕಾಲ ಬೇಕು. ಸಣ್ಣ ಸಮುದಾಯಗಳ ಹಣೆಬರಹವನ್ನು ಬರೀ ಆಕಸ್ಮಿಕವೇ ಬರೆದುಬಿಡಬಲ್ಲದು ಎಂಬುದು ನಮಗೆ ತಿಳಿದದ್ದು ಹಾಗೆ.

ಗೋವೆಯಲ್ಲಿ ಹುಟ್ಟಿದ ಗಣಿತಜ್ಞ ಡಿ.ಡಿ. ಕೊಸಾಂಬಿಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಕಲಿಸುತ್ತಿದ್ದಾಗಲೇ, 1944ರಲ್ಲಿ, ಜೀವಕೋಶದೊಳಗಿನ ವರ್ಣತಂತುವಿನ ಮೇಲೆ, ಹೆತ್ತವರ ಗುಣಗಳನ್ನು ಮಕ್ಕಳಿಗೆ ಒಯ್ಯುವ ವಂಶವಾಹಿಗಳ (ಜೀನ್) ನಡುವಿನ ದೂರವನ್ನು ಅಂದಾಜು ಮಾಡುವ ಸೂತ್ರ ಕೊಟ್ಟರೆಂದು ಹೇಳುವಾಗ ಮಾಸ್ತರರ ದನಿ ಏರುತ್ತಿತ್ತು.

ಬಲಿಷ್ಠರೇ ಉಳಿಯುತ್ತಾರೆ ಎಂಬ ಮಾತು ಮಾತ್ರ ಅವರಿಗೆ ಆಗಿಬರುತ್ತಿರಲಿಲ್ಲ. ಅದಕ್ಕೆ ಉತ್ತರವಾಗಿ ರಕ್ತದ ಕೆಂಪುಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯನ್ನು ಎತ್ತಿಕೊಂಡರು. ನಮ್ಮ ಮಹಾರಾಷ್ಟ್ರದ ನಂದುರಬಾರ್, ಗಡಚಿರೋಲಿಯ ಆದಿವಾಸಿಗಳನ್ನು ಕಾಡುವ ಕಾಯಿಲೆ ಅದು. ಅದರ ವಂಶವಾಹಿ ಅಳಿಯದೆ ಉಳಿದದ್ದೇಕೆ? ಒಬ್ಬೊಬ್ಬರಿಗೂ ವಂಶವಾಹಿಯ ಎರಡು ಪ್ರತಿ, ತಂದೆಯಿಂದ ಒಂದು, ತಾಯಿಯಿಂದ ಒಂದು. ಎರಡೂ ಈ ಬಗೆಯವಾದರೆ ಕಾಯಿಲೆ; ಒಂದೇ ಪ್ರತಿ ಇರುವವರನ್ನು ಅದು ಮಲೇರಿಯಾದಿಂದ ಕಾಪಾಡುತ್ತದೆ. ವಿಜ್ಞಾನಿ ಆಂಥೊನಿ ಆಲಿಸನ್ 1954ರಲ್ಲಿ ಇದನ್ನು ತೋರಿಸಿದ್ದರು. ಲೆಕ್ಕದ ಮಟ್ಟಿಗೆ, ವಂಶವಾಹಿ ಇಲ್ಲದವರಿಗೆ ಮಲೇರಿಯಾದಿಂದ ಶೇ. 10 ನಷ್ಟ, ಎರಡು ಪ್ರತಿ ಇರುವವರಿಗೆ ಸಂತಾನವೇ ಇಲ್ಲ ಎಂದುಕೊಳ್ಳೋಣ. ಮೊದಲ ನಷ್ಟ 0.1, ಎರಡನೆಯದು ಪೂರ್ತಿ 1; 0.1ನ್ನು ಇವೆರಡರ ಮೊತ್ತವಾದ 1.1ರಿಂದ ಭಾಗಿಸಿದರೆ ಹನ್ನೊಂದರಲ್ಲಿ ಒಂದು. ಆ ವಂಶವಾಹಿಯ ಪಾಲು ಅಲ್ಲಿಗೆ ಬಂದು ನಿಲ್ಲುತ್ತದೆ.

"ಮಲೇರಿಯಾ ಹೋದರೆ, ಸಾರ್?" ಎಂದು ಕುಂದಾಪುರದ ಹುಡುಗನೊಬ್ಬ ಕೇಳಿದ. ಮಾಸ್ತರರು ಸೀಮೆಸುಣ್ಣವನ್ನು ಅವನ ಕೈಗೇ ಕೊಟ್ಟು ಲೆಕ್ಕ ಮಾಡಿಸಿದರು. 1/11, 1/12, 1/13. ತಲೆಮಾರಿಗೆ ಒಂದರಂತೆ ಛೇದ ಏರುತ್ತದೆ, ಅಷ್ಟೆ. ಪಾಲು ಅರ್ಧಕ್ಕಿಳಿಯಲು 11 ತಲೆಮಾರು, ಆ ಅರ್ಧ ಮತ್ತೆ ಅರ್ಧವಾಗಲು ಇನ್ನೂ 22. ತಲೆಮಾರಿಗೆ 25 ವರ್ಷ ಹಿಡಿದರೆ ಮೊದಲ ಅರ್ಧಕ್ಕೇ 275 ವರ್ಷ. "ಅಷ್ಟು ಕಾಲವೂ ಆ ಕಾಯಿಲೆಯ ಮಕ್ಕಳಿಗೆ ಔಷಧ ಬೇಕು, ಅದನ್ನೂ ಬರೆದುಕೊಳ್ಳಿ" ಎಂದರು ಮಾಸ್ತರರು.