‘ಲೆಕ್ಕ ಬರೆಯುವವರು ಬೇಕಾಗಿದ್ದಾರೆ’

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಅಂಗಡಿಗಳ ಗಾಜಿನ ಮೇಲೆ ಅಂಟಿಸಿದ ‘ಬೇಕಾಗಿದ್ದಾರೆ’ ಚೀಟಿಗಳ ಫೋಟೊ ತೆಗೆದಿಡುವುದು ವಾಣಿಜ್ಯ ವಿಷಯದ ಮೇಷ್ಟ್ರಾದ ನನಗೆ ಬಹಳ ದಿನಗಳ ಅಭ್ಯಾಸ. ಹಳೆಯ ಪತ್ರಿಕೆಗಳಿಂದ ಕತ್ತರಿಸಿದ ಇಂಥವೇ ಜಾಹೀರಾತುಗಳೂ ಅದೇ ಕಡತದಲ್ಲಿವೆ. ಅವನ್ನೆಲ್ಲ ಕಾಲಾನುಕ್ರಮದಲ್ಲಿ ಜೋಡಿಸಿ ಓದಿದರೆ, ಹುದ್ದೆಯ ಹೆಸರು ಇದ್ದಲ್ಲೇ ಇದ್ದು ಕೆಲಸ ಮಾತ್ರ ಬೇರೆಯಾಗಿರುವುದು ಕಾಣುತ್ತದೆ. ಒಂದು ಕಾಲದಲ್ಲಿ ಲೆಕ್ಕ ಬರೆಯುವವನಿಗೆ ದುಂಡಾದ ಅಕ್ಷರ ಮತ್ತು ಕಿರ್ದಿ-ಖಾತೆಯ ಜ್ಞಾನ ಸಾಕಾಗಿತ್ತು. ಆಮೇಲೆ ಟ್ಯಾಲಿ ಎಂಬ ಲೆಕ್ಕ ಬರೆಯುವ ಕಂಪ್ಯೂಟರ್ ತಂತ್ರಾಂಶ ಬಂದಿತು. 2005ರ ಏಪ್ರಿಲ್‌ನಲ್ಲಿ ರಾಜ್ಯದಲ್ಲಿ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಜಾರಿಯಾದ ಮೇಲೆ ಚೀಟಿಗೆ ಆ ಪದ ಸೇರಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಆ ಪದವನ್ನು ಹೊಡೆದುಹಾಕಿತು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರಿಗೂ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ (ಸರ್ಕಾರದ ತಾಣದಲ್ಲಿ ದಾಖಲಿಸಬೇಕಾದ ಬಿಲ್ಲು) ಕಡ್ಡಾಯವಾದದ್ದರಿಂದ ಈಗ ಅದೂ ಕೆಲವು ಚೀಟಿಗಳಲ್ಲಿ ಕಾಣಿಸುತ್ತಿದೆ.

ಜಾಹೀರಾತುಗಳನ್ನು ಎಣಿಸುವುದು ಹೊಸ ವಿದ್ಯೆಯೇನಲ್ಲ. ಅಮೆರಿಕದ ಕಾನ್ಫರೆನ್ಸ್ ಬೋರ್ಡ್ ಎಂಬ ಸಂಸ್ಥೆಯ ಸೂಚ್ಯಂಕವು 51 ಪತ್ರಿಕೆಗಳ ಉದ್ಯೋಗ ಜಾಹೀರಾತುಗಳನ್ನು ಲೆಕ್ಕ ಹಾಕುತ್ತಿತ್ತು. ಅದರ ಅಂಕಿಅಂಶ 1951ರಿಂದ ಸಿಗುತ್ತದೆ. ಆದರೆ ಅದು ಎಣಿಸುತ್ತಿದ್ದುದು ಎಷ್ಟು ಜಾಹೀರಾತು ಬಂದವು ಎಂಬುದನ್ನಷ್ಟೇ. ಅಂತರ್ಜಾಲದಲ್ಲಿ ಉದ್ಯೋಗ ತಾಣಗಳು ಬಂದ ಮೇಲೆ ಜಾಹೀರಾತಿನ ಒಳಗಿನ ಮಾತನ್ನೇ ಓದುವುದು ಸಾಧ್ಯವಾಯಿತು. ಹಾಗೆ ಓದುವುದಕ್ಕೆ ಮೊದಲು, ಗುಮಾಸ್ತ, ರೈಟರ್, ಅಕೌಂಟ್ಸ್ ಅಸಿಸ್ಟೆಂಟ್ ಎಂದು ಹೆಸರು ಏನೇ ಇರಲಿ, ಮಾಡುವ ಕೆಲಸ ನೋಡಿ ಎಲ್ಲರನ್ನೂ ಒಂದೇ ಸಂಕೇತದಡಿ ತರಬೇಕು. ನಮ್ಮ ದೇಶದ 2015ರ ರಾಷ್ಟ್ರೀಯ ವೃತ್ತಿ ವರ್ಗೀಕರಣವು ಅಂತರರಾಷ್ಟ್ರೀಯ ವರ್ಗೀಕರಣವನ್ನೇ ಅನುಸರಿಸಿರುವುದರಿಂದ ಇವರೆಲ್ಲ 4311 ಎಂಬ ಸಂಕೇತದಡಿ, ಅಂದರೆ ಲೆಕ್ಕದ ಗುಮಾಸ್ತರ ವರ್ಗದಲ್ಲಿ, ಬರುತ್ತಾರೆ. ಬಳಿಕ ಆ ವರ್ಗದ ಒಟ್ಟು ಜಾಹೀರಾತುಗಳಲ್ಲಿ ಎಷ್ಟು ಪಾಲು ಟ್ಯಾಲಿಯಂಥ ಒಂದೊಂದು ಕೌಶಲವನ್ನು ಕೇಳಿವೆ ಎಂದು ವರ್ಷವಾರು ನೋಡಬೇಕು. ಬರೀ ಸಂಖ್ಯೆ ನೋಡಿದರೆ ಜಾಹೀರಾತು ಹೆಚ್ಚಿದ ವರ್ಷ ಎಲ್ಲ ಕೌಶಲಗಳಿಗೂ ಬೇಡಿಕೆ ಬಂದಂತೆ ತೋರಿ ದಾರಿ ತಪ್ಪುತ್ತದೆ.

ನಾನು ದಾರಿ ತಪ್ಪಿದ್ದು ಅದಕ್ಕಿಂತ ಮೊದಲೇ. ಒಂದೇ ಅಂಗಡಿಯ ಬೇಡಿಕೆ ಪತ್ರಿಕೆಯಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮತ್ತು ಗೋಡೆಯ ಮೇಲೆ ಬಂದದ್ದನ್ನು ಮೂರು ಹುದ್ದೆಗಳೆಂದು ಬರೆದುಕೊಂಡಿದ್ದೆ. ಇನ್ನೊಂದು ತೊಡಕು ಕನ್ನಡ ಲಿಪಿಯದ್ದು: ‘ಜಿಎಸ್‌ಟಿ’ ಎಂದು ಹುಡುಕಿದರೆ ‘ಜಿಎಸ್ಟಿ’ ಸಿಗುವುದಿಲ್ಲ, ಏಕೆಂದರೆ ಮೊದಲನೆಯದರಲ್ಲಿ ಅಕ್ಷರಗಳನ್ನು ಬಿಡಿಸಿಡುವ, ಕಣ್ಣಿಗೆ ಕಾಣದ ಸಂಕೇತವೊಂದಿದೆ. ಟ್ಯಾಲಿ, ಟ್ಯಾಲೀ, ಟಾಲಿ ಎಂಬ ಮೂರು ಬರಹಗಳನ್ನು ಒಂದು ಮಾಡುವುದಕ್ಕೆ ಒಂದು ಭಾನುವಾರವೇ ಹೋಯಿತು.

ಇದಕ್ಕಿಂತ ದೊಡ್ಡ ಮೋಸವೆಂದರೆ ಬರೆಯದೇ ಬಿಟ್ಟ ಕೌಶಲದ್ದು. ಬೆಂಗಳೂರಿನ ಜಾಹೀರಾತುಗಳಲ್ಲಿ ‘ಕನ್ನಡ ಬಲ್ಲವರು’ ಎಂಬ ಷರತ್ತು ಆಗಾಗ ಕಣ್ಣಿಗೆ ಬೀಳುತ್ತದೆ. ನಮ್ಮೂರಿನ ಚೀಟಿಯಲ್ಲಿ ಅದನ್ನು ಯಾರೂ ಬರೆಯುವುದಿಲ್ಲ, ಬಾರದವರು ಆ ಅಂಗಡಿಯ ಮೆಟ್ಟಿಲು ಹತ್ತುವ ಪ್ರಶ್ನೆಯೇ ಇಲ್ಲ. ಪದಗಳನ್ನಷ್ಟೇ ಎಣಿಸುವ ಯಂತ್ರಕ್ಕೆ ದಾವಣಗೆರೆಗಿಂತ ಬೆಂಗಳೂರಿನಲ್ಲಿಯೇ ಕನ್ನಡದ ಅಗತ್ಯ ಹೆಚ್ಚೆಂದು ತೋರುತ್ತದೆ. ಮಂಡಕ್ಕಿ ಭಟ್ಟಿಯ ಆಳುಗಳಾಗಲಿ, ಬೆಣ್ಣೆ ದೋಸೆ ಹೋಟೆಲಿನ ಭಟ್ಟರಾಗಲಿ ಸಿಗುವುದು ಬಾಯಿಮಾತಿನಿಂದ. ಅವರ ಕೌಶಲ ಯಾವ ಜಾಹೀರಾತಿಗೂ ಸಿಕ್ಕುವುದಿಲ್ಲ. ಆದ್ದರಿಂದ ತಾಣಗಳ ದತ್ತಾಂಶವನ್ನು ನೋಡಿ ಜಿಲ್ಲೆಯ ತರಬೇತಿ ಯೋಜನೆ ಮಾಡುವವರು, ಅದು ಹೆಚ್ಚಾಗಿ ಪದವೀಧರರ ಕಂಪ್ಯೂಟರ್ ಕೆಲಸಗಳ ದತ್ತಾಂಶವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕೆಂಬುದು ನನ್ನ ಹಟ.

ಹೋದ ತಿಂಗಳು ಮಂಡಿಪೇಟೆಯಲ್ಲಿ ಚೀಟಿ ಅಂಟಿಸುತ್ತಿದ್ದ ವರ್ತಕರೊಬ್ಬರನ್ನು, ಟ್ಯಾಲಿ ಬಾರದವನು ಬಂದರೆ ಏನು ಮಾಡುತ್ತೀರೆಂದು ಕೇಳಿದೆ. ‘ಟ್ಯಾಲಿ ಹದಿನೈದು ದಿನದಾಗೆ ಕಲಿಸಬಹುದು ಬಿಡ್ರಿ ಮೇಷ್ಟ್ರೇ’ ಎಂದರು, ‘ದುಡ್ಡು ತಡ ಆದಾಗ ರೈತರ ಹತ್ರ ಸಮಾಧಾನವಾಗಿ ಮಾತಾಡೋ ಹುಡುಗ ಬೇಕು. ಅದನ್ನ ಚೀಟಿಯಾಗೆ ಹೆಂಗ್ ಬರೀಲಿ?’ ನನ್ನ ಕಡತದಲ್ಲಿ ಆ ಚೀಟಿಯ ಮುಂದೆ ಇರುವ ಕೌಶಲಗಳು ಎರಡೇ: ಟ್ಯಾಲಿ, ಜಿಎಸ್‌ಟಿ.