32ನೇ ಸೆಕೆಂಡಿಗೆ ಕಟ್
ನಮ್ಮ ಕಾಲಿಂಗ್ ಆ್ಯಪಿನ ಟೆಸ್ಟರ್ ಹುಡುಗಿ ಡೆಮೋಗೆ ತಿಂಗಳು ಮೊದಲೇ ಬಗ್ ಇದೆ ಅಂತ ಟಿಕೆಟ್ ಹಾಕಿದ್ಳು. "ವಿಂಡೋಸ್ ಬಿಲ್ಡ್, ಇನ್‌ಕಮಿಂಗ್ ಕಾಲ್, 32 ಸೆಕೆಂಡಿಗೆ ಕಟ್, ಪ್ರತಿ ಸಲ." ನಾನು ನನ್ನ ಲಿನಕ್ಸ್ ಲ್ಯಾಪ್‌ಟಾಪಿಂದ ಎರಡು ಕಾಲ್ ಮಾಡ್ದೆ, ಹಲೋ ಹಲೋ, ಕೇಳಿಸ್ತಿದ್ಯಾ, ಹ್ಞೂ ಕೇಳಿಸ್ತಿದೆ, ಇಟ್ಬಿಟ್ಟೆ. ಕ್ಯಾನಾಟ್ ರಿಪ್ರೊಡ್ಯೂಸ್, ಅಂದ್ರೆ ನನ್ನ ಕಡೆ ಆ ತೊಂದ್ರೆ ಬರ್ತಿಲ್ಲ, ಅಂತ ಬರ್ದು ಟಿಕೆಟ್ ಕ್ಲೋಸ್ ಮಾಡ್ದೆ. ಅವಳು ರೀಓಪನ್ ಮಾಡಿದ್ಳು, ನಾನು "ನಿಮ್ಮ ನೆಟ್‌ವರ್ಕ್ ಚೆಕ್ ಮಾಡಿ" ಅಂತ ಬರ್ದು ಮತ್ತೆ ಕ್ಲೋಸ್. ಶುಕ್ರವಾರ ರಿಲೀಸು, ಡ್ಯಾಶ್‌ಬೋರ್ಡಲ್ಲಿ ಕೆಂಪು ಕಂಡ್ರೆ ಮ್ಯಾನೇಜರಿಗೆ ಊಟ ಸೇರಲ್ಲ.

ನಮ್ಮದು ಓಪನ್ ಸೋರ್ಸ್ ಸಾಫ್ಟ್‌ಫೋನು, ಅಂದ್ರೆ ನೆಟ್‌ವರ್ಕ್ ಮೇಲೆ ಕಾಲ್ ಮಾಡೋ ಸಾಫ್ಟ್‌ವೇರು, ವಿಂಡೋಸ್ ಮ್ಯಾಕ್ ಲಿನಕ್ಸ್ ಆಂಡ್ರಾಯ್ಡ್ ಎಲ್ಲಕ್ಕೂ ಒಂದೇ ಸಿ ಪ್ಲಸ್ ಪ್ಲಸ್ ಕೋರ್. ನನ್ನ ತಲೆ ಪೂರ್ತಿ ಆಡಿಯೋದಲ್ಲೇ ಇತ್ತು, ಏರುಪೇರಾಗಿ ಬರೋ ಪ್ಯಾಕೆಟ್ ಸರಿ ಮಾಡೋ ಜಿಟ್ಟರ್ ಬಫರ್, ಎಕೋ, ಒಂದೊಂದು ಓಎಸ್ಸಿನ ಒಂದೊಂದು ಕಾಟ. ಸಿಪ್, ಅಂದ್ರೆ ಕಾಲ್ ಶುರು ಮಾಡೋ ಮುಗಿಸೋ ಪ್ರೋಟೋಕಾಲು, ಏನ್ ಮಹಾ, 2002ರ ಆರ್‌ಎಫ್‌ಸಿ 3261 ಅನ್ನೋ ಸ್ಟ್ಯಾಂಡರ್ಡು, ಹಳೇ ಕೆಲಸ ಅಂತ ಸಸಾರ ಮಾಡಿದ್ದೆ.

ಡೆಮೋ ಹುಬ್ಬಳ್ಳೀಲಿ. ಕಸ್ಟಮರ್ ಕಡೆ ಐಟಿಯವ್ರ ಲ್ಯಾಪ್‌ಟಾಪಿಗೆ ನನ್ನ ಫೋನಿಂದ ಕಾಲ್ ಮಾಡ್ದೆ. ಆಡಿಯೋ ಕುಗ್ಗಿಸಿ ಕಳ್ಸೋ ಓಪಸ್ ಕೋಡೆಕ್, ವಾಯ್ಸ್ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ. "ಭಾರಿ ಕ್ಲಿಯರ್ ಐತ್ರಿ" ಅಂದ್ರು, ನಾನು ಉಬ್ಬಿ ಪ್ಯಾಕೆಟ್ ಲಾಸ್ ಬಗ್ಗೆ ಭಾಷಣ ಶುರು ಮಾಡಿದ್ದೆ, ಮಾತಿನ ಮಧ್ಯೆ ಟುಕ್ ಅಂತ ಕಟ್ಟಾಯ್ತು.

ವೈಫೈ ಇರ್ಬೇಕು ಅಂದೆ. ಕೇಬಲ್ ಹುಡುಕಿ ತಂದು ಚುಚ್ಚಿದ್ರು. ಕಟ್. ರೂಟರಲ್ಲಿ ಸಿಪ್ ಎಎಲ್‌ಜಿ ಆನ್ ಇರುತ್ತೆ ಸರ್, ಸಿಪ್ ಮೆಸೇಜಿಗೆ ಕೈ ಹಾಕೋ ಫೀಚರು, ಅದನ್ನ ಆಫ್ ಮಾಡಿಸಿ ಅಂದೆ. ಸರ್ವರ್ ಅದೇ ಸ್ವಿಚ್ಚಲ್ಲಿದೆ, ರೂಟರ್ ಮಧ್ಯ ಬರೋದೇ ಇಲ್ಲ, ಆದ್ರೂ ಬಾಯಿಗೆ ಬಂದಿದ್ದು ಅದೇ. ಪಾಪ, ಪಾಸ್‌ವರ್ಡ್ ಗೊತ್ತಿರೋರನ್ನ ಫೋನ್ ಮಾಡಿ ಹಿಡಿದು ಆಫ್ ಮಾಡಿಸಿದ್ರು, ಹತ್ತು ನಿಮಿಷ ಎಲ್ಲರೂ ಸುಮ್ನೆ ಟೇಬಲ್ ನೋಡ್ಕೊಂಡು ಕೂತಿದ್ವಿ, ಚಹಾ ಆರಿ ಕೆನೆ ಕಟ್ಟಿತ್ತು. ಮತ್ತೆ ಕಾಲ್. ಈ ಸಲ ಮೂಲೇಲಿ ಕೂತಿದ್ದ ಅಕೌಂಟ್ಸಿನವರು ಮೊಬೈಲ್ ಎತ್ತಿ ತೋರಿಸಿದ್ರು. ಸ್ಟಾಪ್‌ವಾಚ್. "ಮೂರೂ ಸಲ ಮೂವತ್ತೆರಡಕ್ಕ ಕಟ್ ಆಗೇತಿ ನೋಡ್ರಿ ಸರ."

ಕಿವಿ ಬಿಸಿ ಆಯ್ತು. 32 ಅಂದ್ರೆ 64 ಇಂಟು ಟಿ1, ಟಿ1 ಸಿಪ್ಪಿನ ಮೂಲ ಟೈಮರು, ಅರ್ಧ ಸೆಕೆಂಡು. ಕಾಲ್ ಎತ್ತಿದೀವಿ ಅಂದಿದ್ದಕ್ಕೆ 'ಸಿಕ್ತು' ಅನ್ನೋ ಉತ್ತರ, ಆಕ್, ಬಂದಿಲ್ಲ ಅಂತ ಅರ್ಥ. ಸಿಪ್ ಮುಟ್ಟಿದ ಯಾರಿಗಾದ್ರೂ ಗೊತ್ತಿರೋ ನಂಬರು, ಟಿಕೆಟ್ಟಿನ ಟೈಟಲ್ಲಲ್ಲೇ ಇತ್ತು.

ಪ್ಯಾಕೆಟ್ ತೋರ್ಸೋ ವೈರ್‌ಶಾರ್ಕ್ ಹಾಕಿದ್ರೆ, ಕಾಲ್ ಎತ್ತಿದೀವಿ ಅನ್ನೋ 200 ಓಕೆ ಅರ್ಧ ಸೆಕೆಂಡ್ ಬಿಟ್ಟು, ಒಂದು ಬಿಟ್ಟು, ಎರಡು ಬಿಟ್ಟು, ಆಮೇಲೆ ನಾಲ್ಕ್ ನಾಲ್ಕು ಬಿಟ್ಟು, ಒಟ್ಟು ಹನ್ನೊಂದು ಸಲ ಹೋಗಿ ಕೊನೆಗೆ ಕಾಲ್ ಮುಗಿಸೋ ಬೈ ಮೆಸೇಜ್ ನಾವೇ ಕಳ್ಸಿದೀವಿ. ಆಕ್ ಯಾವ ಐಪಿಗೆ ಕಳ್ಸಬೇಕು ಅಂತ ಹೇಳೋ ಕಾಂಟ್ಯಾಕ್ಟ್ ಹೆಡರಲ್ಲಿ 192.168.56.1. ಒಂದು ಮಷೀನೊಳಗೆ ಇನ್ನೊಂದು ಓಎಸ್ ಓಡ್ಸೋ ವರ್ಚುವಲ್‌ಬಾಕ್ಸಿನ ಹೋಸ್ಟ್-ಓನ್ಲಿ ಅಡಾಪ್ಟರು, ಹೊರಗಿನ ಮಷೀನಿಗೆ ಸಿಗೋದೇ ಇಲ್ಲ! ಲೂಪ್‌ಬ್ಯಾಕ್ (ಮಷೀನ್ ತನಗೆ ತಾನೇ ಮಾತಾಡೋ ಐಪಿ) ಬಿಟ್ಟು ಲಿಸ್ಟಲ್ಲಿ ಮೊದಲು ಸಿಕ್ಕಿದ ಐಪಿ ತಗೋ ಅಂತ ಬರ್ದಿದ್ದು ನಾನೇ. ನಾವು ಇಲ್ಲಿದೀವಿ ಅಂತ ಸರ್ವರಿಗೆ ಹೇಳೋ ರಿಜಿಸ್ಟರಿಗೆ ಬೇರೆ ಫಂಕ್ಷನ್, ಅದು ಸರಿ ಇತ್ತು, ಹಾಗಾಗಿ ಕಾಲ್ ಬರ್ತಿತ್ತು, ಆಡಿಯೋ ಐಸ್ (ಕೆಲಸ ಮಾಡೋ ದಾರಿ ತಾನೇ ಹುಡುಕೋ ಪ್ರೋಟೋಕಾಲು) ಇಂದ ಸರಿಯಾಗೇ ಹೋಗ್ತಿತ್ತು. ಆಕ್ ಮಾತ್ರ ಯಾವ ಊರಿಗೋ. ನಮ್ಮ ಟೆಸ್ಟರ್ ಮಷೀನಲ್ಲೂ ವರ್ಚುವಲ್‌ಬಾಕ್ಸ್ ಇತ್ತು, ಯಾಕಂದ್ರೆ ಲಿನಕ್ಸ್ ಬಿಲ್ಡನ್ನೂ ನೀವೇ ಟೆಸ್ಟ್ ಮಾಡಿ ಅಂತ ಹೇಳಿದ್ದು ನಾವು, ಇನ್ನೊಂದು ಮಷೀನ್ ಕೊಡಿಸಿ ಅಂದ್ರೆ ಬಜೆಟ್ ಇಲ್ಲ.

ಫಿಕ್ಸ್ ಸಣ್ಣದು. ಸರ್ವರ್ ಕಡೆಗೆ ಯುಡಿಪಿ ಸಾಕೆಟ್ ಕನೆಕ್ಟ್ ಮಾಡಿ ಗೆಟ್‌ಸಾಕ್‌ನೇಮ್ ಫಂಕ್ಷನ್ನಲ್ಲಿ ನಮ್ಮ ಕಡೆ ವಿಳಾಸ ಕೇಳಿದ್ರೆ ಓಎಸ್ಸೇ ಸರಿ ಐಪಿ ಹೇಳುತ್ತೆ, ಒಂದು ಪ್ಯಾಕೆಟ್ಟೂ ಹೋಗಲ್ಲ. ವಾಪಸ್ ಬಂದು ಅವಳಿಗೆ ಸಾರಿ ಹೇಳ್ದೆ. "ಪರವಾಗಿಲ್ಲ ಸರ್, ನಮ್ಮ ಆಟೋಮೇಷನ್ ಕಾಲ್ ಕೂಡ 20 ಸೆಕೆಂಡೇ ಇರೋದು, ಅದೂ ಹಿಡಿದಿರ್ಲಿಲ್ಲ" ಅಂದ್ಳು. ಅದನ್ನ 40ಕ್ಕೆ ಏರಿಸಿದ್ವಿ. ಹೋದ ವಾರ ಮ್ಯಾನೇಜರ್ ಮೇಲ್ ಬಂದಿದೆ, ಪೈಪ್‌ಲೈನ್ ಸ್ಲೋ ಆಗಿದೆಯಂತೆ, ಟೆಸ್ಟ್ ಕಾಲ್ ಅಷ್ಟು ಉದ್ದ ಯಾಕೆ, ಅರ್ಧ ಮಾಡಿ ಅಂತ.