ರಾಗ ಇಲ್ಲ, ತಾಳ ಇಲ್ಲ ಅಂದವರಿಗೆ

12 ನವೆಂಬರ್ 2024, ಮಂಗಳವಾರ

ಬೆಳಗ್ಗೆಯಿಂದ ಇಲ್ಲಿ ಇಂಗ್ಲೆಂಡಿನ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಜಗಳ. ಹೊಸ ಮನೆಗಳ ಸಾಲಿಗೆ ಬಂದವರೊಬ್ಬರು ಬರೆದಿದ್ದಾರೆ: ಮಂಗಳವಾರ ಸಂಜೆ ಏಳೂವರೆಯಿಂದ ಒಂಬತ್ತರವರೆಗೆ ಚರ್ಚಿನ ಗಂಟೆ ಹೊಡೀತಾನೇ ಇರ್ತಾರೆ, ಮಗು ಮಲಗಲ್ಲ, ಅದಕ್ಕೊಂದು ರಾಗ ಇಲ್ಲ ತಾಳ ಇಲ್ಲ, ನಿಲ್ಲಿಸೋಕೆ ಯಾರಿಗೆ ಹೇಳಬೇಕು? ಕೆಳಗೆ ಸಾಲಾಗಿ ಹೆಬ್ಬೆಟ್ಟುಗಳು. ಆ ಗಂಟೆ ಹೊಡೆಯುವವರಲ್ಲಿ ಒಬ್ಬರಾದ ಪಕ್ಕದ ಮನೆ ಅಜ್ಜಿ ಒಂದೇ ಸಾಲು ಹಾಕಿದರು: "ಇವತ್ತು ಸಂಜೆ ಗೋಪುರ ಹತ್ತಿ ಬನ್ನಿ, ಟೀ ಇದೆ, ಬಿಸ್ಕತ್ತೂ ಇದೆ." ಇಂಗ್ಲಿಷರಿಗೆ ಸಿಟ್ಟು ಬಂದರೆ ಹೀಗೇ. ಬಿಸ್ಕತ್ತಿನ ಹೆಸರು ಬಂತು ಅಂದರೆ ವಿಷಯ ಕೈಮೀರಿದೆ ಅಂತಲೇ ತಿಳಿದುಕೊಳ್ಳಬೇಕು.

ಆ ಮನುಷ್ಯ ಬರಲಿಲ್ಲ. ನಾನು ಹೋದೆ.

ಹೋಗೋಕೆ ಅಪ್ಪನೂ ಕಾರಣ. ಮೊನ್ನೆ ಭಾನುವಾರ ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ. ಅವತ್ತು ಗಂಟೆಯ ನಾಲಿಗೆಗೆ ಒಂದೇ ಬದಿಯಲ್ಲಿ ಚರ್ಮದ ಪಟ್ಟಿ ಕಟ್ಟುತ್ತಾರೆ. ಒಂದು ಸಾಲು ಖಣಖಣ ಅಂತ ಬರುತ್ತದೆ, ಮರುಸಾಲು ಎಲ್ಲೋ ಗುಡ್ಡದಾಚೆ ಹೊಡೆದ ಹಾಗೆ. ಅಪ್ಪನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದೆ, ಕಿಟಕಿ ತೆಗೆದಿತ್ತು. ಈಗೀಗ ನಾನು ಎರಡು ಸಲ ಹೇಳಿದರೂ ಅವರಿಗೆ ಕೇಳಿಸಲ್ಲ. ಗಂಟೆ ಕೇಳಿಸಿತು.

"ಅದೇನೇ ಪುಟ್ಟಿ ಅದು? ಯಾರೋ ಪ್ರಸ್ತಾರ ಹಾಕ್ತಿದಾರಲ್ಲೇ!" ಪ್ರಸ್ತಾರ ಅಂದರೆ ಸ್ವರಗಳ ಸಾಲನ್ನು ಬಗೆಬಗೆಯಾಗಿ ಅದಲುಬದಲು ಮಾಡೋದು.

"ಪ್ರಸ್ತಾರ ಅಲ್ಲಪ್ಪ, ಚರ್ಚು."

"ಎಷ್ಟು ಗಂಟೆ?"

ನಾನು ಗಡಿಯಾರ ನೋಡಿ ಹತ್ತೂಕಾಲು ಅಂದೆ. ಅವರು ಕೇಳಿದ್ದು ಗೋಪುರದಲ್ಲಿ ಎಷ್ಟಿವೆ ಅಂತ. ಆರು ಅಂದಿದ್ದೇ ತಡ, ಶುರುವಾಯಿತು. ಆರಾದರೆ 720 ಬಗೆ. ಏಳಾಗಿದ್ದರೆ 5,040. ಶಾರ್ಙ್ಗದೇವ ಹದಿಮೂರನೇ ಶತಮಾನದಲ್ಲೇ ದೇವಗಿರಿಯಲ್ಲಿ ಕೂತು ಸಂಗೀತ ರತ್ನಾಕರದಲ್ಲಿ ಲೆಕ್ಕ ಹಾಕಿಟ್ಟಿದ್ದಾನೆ, ಏಳು ಸ್ವರಕ್ಕೆ 5,040 ಕೂಟತಾನ, ಅಂದರೆ ಅದಲುಬದಲಾದ ಸ್ವರಸಾಲು, ಎಷ್ಟನೆಯದು ಯಾವುದು ಅಂತ ಹುಡುಕೋಕೆ ಖಂಡಮೇರು ಅನ್ನೋ ಕೋಷ್ಟಕ. ಅಪ್ಪನ ಮಾತಿಗೆ ಬ್ರೇಕ್ ಇಲ್ಲ. ಸುಮ್ನೆ ಹೂಂ ಹೂಂ ಅಂದೆ.

ಇವತ್ತು ಸುರುಳಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ನಿಂತಾಗ ಗೋಡೆಯ ಮೇಲೆ ಮರದ ಹಲಗೆ ಕಂಡಿತು. ಚಿನ್ನದ ಅಕ್ಷರ. 1911, ಹೊಡೆದವರ ಹೆಸರು, ಸುಮಾರು ಮೂರು ಗಂಟೆ ಕಾಲ, ಬದಲಾವಣೆಗಳು: 5,040.

ಅಜ್ಜಿಗೆ ಅಪ್ಪನ ಕಥೆ ಹೇಳಿದೆ. ಅವರು ಹಗ್ಗ ಬಿಟ್ಟು ನನ್ನ ಕೈ ಹಿಡಿದುಕೊಂಡರು. "ಏಳು ಗಂಟೆಯ ಪೂರ್ತಿ ಲೆಕ್ಕ ಅದು. ಅದನ್ನೇ ನಾವು ಪೀಲ್ ಅನ್ನೋದು. ನಿಮ್ಮವರು ಅದನ್ನು ಹಾಡುತ್ತಿದ್ದರಾ?" ಹಾಡುತ್ತಿದ್ದರೋ ಬರೆದಿಡುತ್ತಿದ್ದರೋ, ಅಪ್ಪನನ್ನೇ ಕೇಳಬೇಕು.

ವಿಷಯ ಇಷ್ಟು. ಇವರು ಹಾಡು ನುಡಿಸಲ್ಲ. ಸಣ್ಣ ಗಂಟೆಯಿಂದ ದೊಡ್ಡದಕ್ಕೆ 1 2 3 4 5 6 ಅಂತ ಇಳಿಯುತ್ತಾರೆ, ಆಮೇಲೆ ಸಾಲು ಬದಲಾಗುತ್ತಾ ಹೋಗುತ್ತದೆ: 2 1 4 3 6 5, ಆಮೇಲೆ 2 4 1 6 3 5. ಆರು ಗಂಟೆಯ 720 ಸಾಲೂ ಮುಗಿಯೋವರೆಗೆ ಒಂದು ಸಾಲು ಎರಡನೇ ಸಲ ಬರಕೂಡದು; ಆ 720ನ್ನು ಏಳು ಸಲ ಮುಗಿಸಿದರೆ ಹಲಗೆಯ 5,040. ನಡುವೆ ಬಂದರೆ ಇಡೀ ಪೀಲ್ ಸುಳ್ಳು. ಫೇಬಿಯನ್ ಸ್ಟೆಡ್‌ಮನ್ 1677ರಲ್ಲೇ ಇದಕ್ಕೊಂದು ಪುಸ್ತಕ ತಂದಿದ್ದಾನೆ, ಅವನ ಹೆಸರಿನ ಕ್ರಮವನ್ನು ಈಗಲೂ ಹೊಡೆಯುತ್ತಾರೆ. ಎದುರಿಗೆ ಕಾಗದ ಇರಲ್ಲ, ಎಲ್ಲ ಬಾಯಿಪಾಠ. ಅದೂ ಅಂಕಿ ಅಲ್ಲ. ನನ್ನ ಗಂಟೆ ಸಾಲಿನಲ್ಲಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನೋ ಒಂದು ಗೆರೆ. ನೀಲಿ ಗೆರೆ ಅಂತಾರೆ.

ನನಗೆ ತಲೆಗೆ ಹತ್ತದೆ ಇದ್ದದ್ದು ಬೇರೆ. ಒಂದನೆಯದು ಸೀದಾ ಆರನೇ ಜಾಗಕ್ಕೆ ಯಾಕೆ ಹಾರಬಾರದು? ಒಂದೊಂದೇ ಮನೆ ಯಾಕೆ?

ಅಜ್ಜಿ ಬಾಯಲ್ಲಿ ಹೇಳಲಿಲ್ಲ, ಹಗ್ಗ ಕೊಟ್ಟರು. ಅದರಲ್ಲಿ ಕೆಂಪು, ಬಿಳಿ, ನೀಲಿ ಉಣ್ಣೆಯ ದಪ್ಪ ಹಿಡಿ ಇದೆ, ಸ್ಯಾಲಿ ಅಂತ. ಅದು ಅವರ ಕೈಯಲ್ಲಿ, ತುದಿ ನನ್ನ ಕೈಯಲ್ಲಿ. ಮೇಲೆ, ನಮಗೆ ಕಾಣದ ಹಾಗೆ, ಒಂದು ಚಕ್ರಕ್ಕೆ ಕಟ್ಟಿದ ಗಂಟೆ ಬಾಯಿ ಮೇಲೆ ಮಾಡಿ ನಿಂತಿರುತ್ತದೆ. ಅವರು ಸ್ಯಾಲಿ ಎಳೆದರು. ಸ್ಯಾಲಿ ನನ್ನ ಮೂಗಿನ ಮುಂದೆಯೇ ಸರ್ರನೆ ಚಾವಣಿಗೆ ಹೋಯಿತು, ನನ್ನ ಎರಡೂ ಕೈ ತಲೆ ಮೇಲೆ, ಹಿಮ್ಮಡಿ ನೆಲ ಬಿಟ್ಟಿತ್ತು. ನಾನು ಎಳೆಯುತ್ತಿಲ್ಲ, ಅದೇ ಎಳೆಯುತ್ತಿದೆ. ತುದಿಯಲ್ಲಿ ಒಂದು ಕ್ಷಣ ತೂಕವೇ ಇರಲ್ಲ. "ಈಗ!" ಅಂದರು. ಎಳೆದೆ. ಪೂರ್ತಿ ಒಂದು ಸುತ್ತು ತಿರುಗಿ ಬಂದು ಧಡಾರ್.

ಟೆನರ್ ಅನ್ನೋ ದೊಡ್ಡ ಗಂಟೆಯಂತೂ ಅರ್ಧ ಟನ್ನಿಗಿಂತ ಜಾಸ್ತಿ. ತುದಿಯಲ್ಲಿ ಒಂಚೂರು ತಡೆಯಬಹುದು, ಒಂಚೂರು ಬೇಗ ಇಳಿಸಬಹುದು, ಅಷ್ಟೇ. ಹಾಗಾಗಿ ಸಾಲಿನಲ್ಲಿ ಅಕ್ಕಪಕ್ಕದವರ ಜೊತೆ ಮಾತ್ರ ಜಾಗ ಅದಲುಬದಲು. ಶಾರ್ಙ್ಗದೇವನಿಗೆ ಈ ತಾಪತ್ರಯ ಇರಲಿಲ್ಲ. ಗಂಟಲು ಸದಿಂದ ನಿಗೆ ಹಾರುತ್ತದೆ, ಕಂಚು ಹಾರಲ್ಲ. ಇವರ ಲೆಕ್ಕ ಹುಟ್ಟಿದ್ದು ಭಾರದಿಂದ. ಆ ವಾಟ್ಸಾಪ್ ಮನುಷ್ಯ ರಾಗ ಇಲ್ಲ ಅಂದಿದ್ದು ನಿಜ, ತಾಳ ಇಲ್ಲ ಅಂದಿದ್ದು ಶುದ್ಧ ಸುಳ್ಳು. ಆರು ಜನ ಒಬ್ಬರ ಹಗ್ಗ ಒಬ್ಬರು ಕಣ್ಣಂಚಲ್ಲಿ ನೋಡಿಕೊಂಡು ಹೊಡೆತಕ್ಕೂ ಹೊಡೆತಕ್ಕೂ ಕೂದಲೆಳೆ ವ್ಯತ್ಯಾಸ ಬರದ ಹಾಗೆ ನಿಲ್ಲುತ್ತಾರೆ. ಅದರಲ್ಲೊಬ್ಬ ಪ್ಲಂಬರ್, ಒಬ್ಬ ಹೈಸ್ಕೂಲ್ ಹುಡುಗ.

ಗೋಪುರದಲ್ಲಿ ಎಂಟು ಗಂಟೆ ಇದ್ದರೆ 40,320 ಸಾಲು. ಅದನ್ನೂ ಹೊಡೆದಿದ್ದಾರಂತೆ, 1963ರ ಜುಲೈಯಲ್ಲಿ ಲಫ್‌ಬರೋದ ಗಂಟೆ ಕಾರ್ಖಾನೆಯಲ್ಲಿ, ಅದೇ ಎಂಟು ಜನ, ಹೆಚ್ಚುಕಡಿಮೆ 18 ತಾಸು, ಕೈ ಬದಲಾಯಿಸದೆ. ಬಚ್ಚಲಿಗೆ ಹೋಗೋದು ಹೇಗೆ ಅಂತ ಕೇಳಿದೆ. ಎಲ್ಲರೂ ನಕ್ಕರು, ಯಾರೂ ಉತ್ತರ ಕೊಡಲಿಲ್ಲ.

ಇನ್ನೊಂದು ತಮಾಷೆ. ಭಾನುವಾರ ಊರನ್ನೆಲ್ಲ ಪ್ರಾರ್ಥನೆಗೆ ಕರೆದು, ಇವರಲ್ಲಿ ಅರ್ಧ ಜನ ಹಿಂಬಾಗಿಲಿಂದ ಇಳಿದು ಮನೆಗೆ ಹೋಗುತ್ತಾರೆ. ದೇವರಲ್ಲಿ ನಂಬಿಕೆ ಇದೆಯಾ ಅಂತ ಪ್ಲಂಬರನ್ನು ಕೇಳಿದರೆ, "ಟೆನರ್ ಮೇಲೆ ಇದೆ" ಅಂದ.

ಟೀ ಕುಡಿಯುವಾಗ ಅಜ್ಜಿ ಮೆತ್ತಗಾದರು. 1940ರ ಜೂನ್‌ನಿಂದ ಇಲ್ಲಿ ಗಂಟೆ ಬಂದ್ ಆಗಿತ್ತಲ್ಲ, ಜರ್ಮನರು ಇಳಿದರೆ ಮಾತ್ರ ಹೊಡೆಯಬೇಕು ಅಂತ. ಈಜಿಪ್ಟಿನ ಎಲ್ ಅಲಮೇನ್ ಕದನ ಗೆದ್ದದ್ದಕ್ಕೆ 1942ರ ನವೆಂಬರ್ 15ರಂದು ಒಂದು ದಿನ ಬಿಟ್ಟರು. ಅವರ ಅಮ್ಮ ಸೋಪಿನ ಕೈಯಲ್ಲೇ ಬೀದಿಗೆ ಓಡಿ ಬಂದಿದ್ದರಂತೆ. ಅವತ್ತು ಹೊಡೆದವರು ಅಭ್ಯಾಸ ತಪ್ಪಿ ಸಾಲೆಲ್ಲ ಕಲಸುಮೇಲೋಗರ ಮಾಡಿದ್ದರಂತೆ. "ಅಷ್ಟು ಕೆಟ್ಟದಾಗಿ ಯಾವತ್ತೂ ಕೇಳಿಲ್ಲ ಅಂತ ಅಮ್ಮ ಸಾಯೋವರೆಗೂ ಹೇಳುತ್ತಿದ್ದಳು." ಹೇಳಿ ಬಿಸ್ಕತ್ತು ಮುರಿದರು. ಅಜ್ಜಿ ಸ್ವತಃ ಕಲಿತದ್ದು 2018ರಲ್ಲಿ, ಮೊದಲ ಮಹಾಯುದ್ಧದಲ್ಲಿ ಸತ್ತ ಸುಮಾರು 1,400 ಗಂಟೆ ಹೊಡೆಯುವವರ ಜಾಗಕ್ಕೆ ಅಷ್ಟೇ ಹೊಸಬರು ಬೇಕು ಅಂತ ದೇಶವೆಲ್ಲ ಕರೆದಾಗ.

ಮನೆಗೆ ಬಂದು ಗುಂಪಿಗೆ ದೊಡ್ಡದಾಗಿ ಬರೆದೆ. ಕಳಿಸಲಿಲ್ಲ. ಮಗು ಮಲಗದೆ ಇರೋದೂ ನಿಜ ತಾನೇ. ನಮ್ಮವಳು ಹುಟ್ಟಿದ ವರ್ಷ ಕುಕ್ಕರ್ ಕೂಗಿದರೂ ನನಗೆ ಅಳು ಬರುತ್ತಿತ್ತು. ದಾರಿ ಇಲ್ಲ ಅಂತಲ್ಲ. ನಾಲಿಗೆ ಕಟ್ಟಿಹಾಕಿ ಸದ್ದನ್ನು ಕಂಪ್ಯೂಟರಿನಿಂದ ಒಳಗೆ ಮಾತ್ರ ಕೇಳಿಸಿಕೊಳ್ಳಬಹುದಂತೆ. ಆ ಮಾತು ಎತ್ತಿದಾಗ ಅಜ್ಜಿ ಮುಖ ಮಾತ್ರ ನೋಡಬೇಕಿತ್ತು. ಶುಕ್ರವಾರ ಮೀಟಿಂಗ್ ಇದೆಯಂತೆ. ನನ್ನನ್ನು ಎರಡೂ ಕಡೆಯವರು ಕರೆದಿದ್ದಾರೆ. ನಮ್ಮ ಯಜಮಾನರು ಹೋಗಬೇಡ, ನಮಗ್ಯಾಕೆ ಊರ ಉಸಾಬರಿ ಅಂತಾರೆ. ಹೋಗದೆ ಇರೋಕೂ ಆಗಲ್ಲ, ಯಾಕಂದರೆ ಮುಂದಿನ ಮಂಗಳವಾರ ಬರ್ತೀನಿ ಅಂತ ಮೆಟ್ಟಿಲು ಇಳಿಯುವಾಗ ನಾನಾಗೇ ಹೇಳಿಬಿಟ್ಟಿದ್ದೀನಿ.